ಈರಕ್ಕ ನೋಡಿದ ಮೂರು ಕೈ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದಳೋ ಇಲ್ಲವೋ ಅನ್ನೋ ಕಾಲದಲ್ಲಿ, ಕಣ್ಣು ಹಾಯಿಸಿದಷ್ಟು ದೂರ ಬರೀ ಹುಲ್ಲೇ ಇರೋ ಒಂದು ಕಾವಲು ಇತ್ತಂತೆ. ಆ ಕಾವಲಿನ ನಡುವೆ ದನ ಸಾಕೋರ ಒಂದು ಹಟ್ಟಿ, ಹಟ್ಟಿ ಸುತ್ತ ಮುಳ್ಳುಬೇಲಿ, ಬೇಲಿಗೆ ಒಂದೇ ಬಾಗಿಲು. ಅಲ್ಲಿ ಸಿರಿಯಜ್ಜಿ ಅನ್ನೋ ಮುದುಕಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಮೂವರಿಗೂ ಗೋಡೆಗೆ ಗೋಡೆ ತಾಗಿದ ಬೇರೆ ಬೇರೆ ಮನೆ. ದೊಡ್ಡೋಳು ಈರಕ್ಕ, ನಡುವಿನೋಳು ಬೊಮ್ಮಕ್ಕ, ಚಿಕ್ಕೋಳು ಕ್ಯಾತಮ್ಮ.

ಈರಕ್ಕ ಕೆಟ್ಟೋಳಲ್ಲ ಕಣೆ, ಆದ್ರೆ ಅನುಮಾನದ ಹೆಂಗಸು. ಹಾಲು ಉಕ್ಕಿದ್ರೆ ಯಾರೋ ಕಣ್ಣು ಹಾಕಿದ್ರು ಅನ್ನೋಳು, ಉಕ್ಕದಿದ್ರೆ ಯಾರೋ ನೀರು ಬೆರೆಸಿದ್ರು ಅನ್ನೋಳು. ನೆಂಟರು ಬಂದ್ರೆ ಯಾಕೆ ಬಂದ್ರು ಅಂತ ಯೋಚನೆ, ಬರದಿದ್ರೆ ಯಾಕೆ ಬರಲಿಲ್ಲ ಅಂತ ಯೋಚನೆ. ಅಂಥೋಳಿಗೆ ಓರಗಿತ್ತಿಯಾಗಿ ಕ್ಯಾತಮ್ಮ ದೂರದ ಹಟ್ಟಿಯಿಂದ ಮದುವೆಯಾಗಿ ಬಂದ್ಲಂತೆ, ಬರುವಾಗ ತವರಿನಿಂದ ಕೆಂದಿ ಅನ್ನೋ ಕೆಂಪು ಹಸುನೂ ಹೊಡ್ಕೊಂಡು ಬಂದ್ಲಂತೆ. ಬಂದ ಸ್ವಲ್ಪ ದಿನಕ್ಕೇ ಆ ಕೆಂದಿಯ ಮೊಲೆ ಮೇಲೆ ಹುಣ್ಣು ಎದ್ದವು. ಹಾಲು ಕರೀತಾ ಕರೀತಾ ಕ್ಯಾತಮ್ಮನ ಬೆರಳಿಗೂ ನೀರುಗುಳ್ಳೆ ಬಂತು. ಅವಳ ಕೈ ನೋವು ಅಂತ ಪಕ್ಕದ ಮನೆ ಗಿಡ್ಡಮ್ಮ ನಾಲ್ಕು ದಿನ ಹಾಲು ಕರೆದ್ಲು, ಮಾವನ ಅಣ್ಣ ಪಾತಜ್ಜ ದಿನಾ ಹಸುವಿನ ಹುಣ್ಣಿಗೆ ಬೆಣ್ಣೆ ಅರಿಶಿನ ಸವರಿದ. ಅವರ ಕೈಗೂ ಗುಳ್ಳೆ ಬಂದು, ಒಣಗಿ, ಉದುರಿಹೋದವಂತೆ. ಅದನ್ನ ಯಾರೂ ದೊಡ್ಡದು ಮಾಡಲಿಲ್ಲ. ಈರಕ್ಕ ಮಾತ್ರ, ಈ ಹುಡುಗಿ ಕೈಗೆ ಬಟ್ಟೆ ಸುತ್ಕೊಂಡು ಏನೋ ಬಚ್ಚಿಡ್ತಾಳೆ ಅಂತ ಮನಸಲ್ಲೇ ಇಟ್ಕೊಂಡ್ಲಂತೆ.

ಆಮೇಲೆ ಬೇಸಿಗೆ ಬಂತು, ಬೇಸಿಗೆ ಜೊತೆಗೆ ಸಿಡುಬು ಬಂತು. ಈಗ ಆ ಕಾಯಿಲೆ ಇಲ್ಲ, ಹೆದರಬೇಡ, ಹೊದ್ಕೋ. ಆಗ ಅದನ್ನ ದೊಡ್ಡಮ್ಮ ಅಂತಿದ್ರು, ಹೆಸರು ಹೇಳೋಕೇ ಭಯ. ಜ್ವರ ಬಂದು ಮೈಯೆಲ್ಲಾ ಗುಳ್ಳೆ ಏಳೋದು, ಉಳಿದ್ರೂ ಕೆಲವರಿಗೆ ಕಣ್ಣೇ ಹೋಗೋದು. ಬೊಮ್ಮಕ್ಕ ಮಲಗಿದ್ಲು, ಅವಳ ಕೂಸು ಮಲಗಿತು, ಆ ಕೂಸು ಮತ್ತೆ ಏಳಲೇ ಇಲ್ಲ. ಅಷ್ಟೂ ದಿನ ಬೊಮ್ಮಕ್ಕನ ಪಕ್ಕ ಬೇವಿನಸೊಪ್ಪು ಬೀಸ್ಕೊಂಡು ಕೂತಿದ್ದೋಳು ಕ್ಯಾತಮ್ಮ. ಅವಳಿಗೆ ಒಂದು ಗುಳ್ಳೆಯೂ ಏಳಲಿಲ್ಲವಂತೆ.

ಈರಕ್ಕ ಸುಮ್ಮನೆ ಇರ್ತಾಳಾ? ಬಾವಿ ಹತ್ರ ಶುರು ಮಾಡಿದ್ಲು. ಎಲ್ಲರಿಗೂ ಬರೋದು ಇವಳಿಗೊಬ್ಬಳಿಗೆ ಯಾಕೆ ಬರಲ್ಲ, ತಾನೇ ತಂದೋಳಿಗೆ ತಾನೇ ಹೆಂಗೆ ಬಂದೀತು ಅಂತ. ಆ ಮಾತು ಬಿಂದಿಗೆ ಬಿಂದಿಗೆ ನೀರಿನ ಜೊತೆ ಮನೆಮನೆಗೂ ಹೋಯ್ತಂತೆ. ಆಮೇಲೆ ಹಟ್ಟಿಯ ಹಿರಿಯರು ಸೇರಿ ಪರೀಕ್ಷೆ ಮಾಡೋಣ ಅಂದ್ರು. ರೋಗಿ ಹೊದ್ದ ಕಂಬಳಿ ಹೊದ್ದು ಮಲಗು ಅಂದ್ರು, ಮಲಗಿದ್ಲು, ಏನೂ ಆಗಲಿಲ್ಲ. ರೋಗಿ ಉಂಡ ತಟ್ಟೆಯಲ್ಲೇ ಉಣ್ಣು ಅಂದ್ರು, ಉಂಡ್ಲು, ಏನೂ ಆಗಲಿಲ್ಲ. ಹಟ್ಟೀಲಿ ಬಿದ್ದಿರೋರ ಗುಳ್ಳೆ ಎಲ್ಲಾ ನೀನೇ ಕೈಯಾರೆ ಒರೆಸು ಅಂದ್ರು, ಅದನ್ನೂ ಮಾಡಿದ್ಲು, ಆಗಲೂ ಅವಳ ಮೈ ತಾಮ್ರದ ಚೊಂಬಿನ ಹಂಗೆ ನುಣ್ಣಗೇ ಇತ್ತಂತೆ. ಗೆದ್ದಳಲ್ಲ, ಬಿಟ್ಟುಬಿಡ್ತಾರೆ ಅಂದ್ಕೊಂಡ್ಯಾ? ಇಲ್ಲ. ಒಂದೊಂದು ಸಲ ಗೆದ್ದಾಗಲೂ ಅನುಮಾನ ಇನ್ನೊಂದು ಗೇಣು ಬೆಳೀತು. ನೋಡಿದ್ರಾ, ಇವಳದೇ ಕೆಲಸ ಅಂದ್ರು.

ಕ್ಯಾತಮ್ಮನ ಗಂಡ ಚಿತ್ತಯ್ಯ ಹಿರಿಯರ ಎದುರು ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಮೆಲ್ಲಗೆ, ನನಗಾದ್ರೂ ನಿಜ ಹೇಳು ಅಂದನಂತೆ. ಆ ಮಾತಿಗೆ ಕ್ಯಾತಮ್ಮ ಕುಸಿದುಹೋದ್ಲು. ದನ ನೀರು ಕುಡಿಯೋ ಬಾನಿಯಲ್ಲಿ ತನ್ನ ಮುಖ ತಾನೇ ನೋಡ್ಕೊಂಡು, ನನಗೆ ಗೊತ್ತಿಲ್ಲದಂಗೆ ನನ್ನೊಳಗೆ ಏನಾದ್ರೂ ಇದೆಯಾ ಅಂತ ಅವಳಿಗೂ ಅನುಮಾನ ಬಂತಂತೆ. ಹಂಗಾಗಿ ಸಿರಿಯಜ್ಜಿ, ನೀನು ಬೇಲಿ ಆಚೆ ಇರಮ್ಮ ಅಂದಾಗ ಎದುರಾಡಲಿಲ್ಲ. ಕೆಂದಿನೂ, ಕೆಂದಿ ಪಕ್ಕ ಕಟ್ಟಿ ಕಟ್ಟಿ ಮೊಲೆಗೆ ಅದೇ ಹುಣ್ಣು ಹತ್ತಿಸ್ಕೊಂಡಿದ್ದ ಹಂಡಿ ಅನ್ನೋ ಹಸುನೂ ಹೊಡ್ಕೊಂಡು ಹೋಗಿ, ಆಚೆ ಒಂದು ಹುಲ್ಲಿನ ಗುಡ್ಲು ಹಾಕ್ಕೊಂಡ್ಲು.

ಅಲ್ಲಿ ಅವಳು ಏನು ಮಾಟ ಮಾಡ್ತಾಳೆ ನೋಡ್ಕೊಂಡು ಬಾ ಅಂತ ಈರಕ್ಕನ್ನೇ ಕಾವಲಿಗೆ ಹಾಕಿದ್ರಂತೆ. ಈರಕ್ಕ ಬೆಳಿಗ್ಗೆ ಬೆಳಿಗ್ಗೆ ಬೇಲಿ ಸಂದಿಯಲ್ಲಿ ಕಣ್ಣಿಟ್ಟು ಕೂತ್ಲು. ಕ್ಯಾತಮ್ಮ ಹಾಲು ಕರೀತಾಳೆ, ಸಗಣಿ ಬಾಚ್ತಾಳೆ, ಕೆಂದಿಯ ಕರು ಕತ್ತು ತಬ್ಕೊಂಡು ಅಳ್ತಾಳೆ, ಅಷ್ಟೇ. ಇದರಲ್ಲೇನೋ ಮೋಸ ಇದೆ, ಇವಳ ಜೊತೆಗಾರರು ಹಟ್ಟಿ ಒಳಗೇ ಇರಬೇಕು ಅಂತ ಈರಕ್ಕನಿಗೆ ಹೊಳೀತು. ಯಾರ್ಯಾರಿಗೆ ಬಂದಿಲ್ಲ ಅಂತ ಹುಡುಕ್ಕೊಂಡು ಹೊರಟ್ಲು. ಗಿಡ್ಡಮ್ಮನ ಮನೇಲಿ ಎಲ್ಲರೂ ಬಿದ್ದಿದ್ದಾರೆ, ಗಿಡ್ಡಮ್ಮ ಮಾತ್ರ ಗಟ್ಟಿ. ಪಾತಜ್ಜ ಅಷ್ಟು ವಯಸ್ಸಾದೋನು, ಅವನೂ ಗಟ್ಟಿ. ಗಿಡ್ಡಮ್ಮನ ಕೈ ಹಿಡಿದು ನೋಡಿದ್ಲು, ಬೆರಳ ಬುಡದಲ್ಲಿ ಕಾಸಿನಗಲ ಗುಂಡನೆ ಕಲೆ. ಪಾತಜ್ಜನ ಕೈಯಲ್ಲೂ ಅದೇ ಕಲೆ. ಸಿಕ್ಕಿಬಿದ್ರು ಕಳ್ಳರು, ಮಾಟದ ಮುದ್ರೆ ಇದು ಅಂದ್ಕೊಂಡ್ಲು ಈರಕ್ಕ.

ಕೂಗೋಕೆ ಬಾಯಿ ತೆಗೆದೋಳು ಹಂಗೇ ನಿಂತ್ಲು. ಅನುಮಾನದೋರು ಯಾವುದನ್ನೂ ಒಂದೇ ಸಲಕ್ಕೆ ಒಪ್ಪಲ್ಲ, ತಮ್ಮ ಮಾತನ್ನೂ ಒಪ್ಪಲ್ಲ. ಗಿಡ್ಡಮ್ಮನ್ನ ಬೇರೆ, ಪಾತಜ್ಜನ್ನ ಬೇರೆ ಕರೆದು ಕಲೆ ಎಲ್ಲಿಂದ ಬಂತು ಅಂತ ಕೇಳಿದ್ಲು. ಇಬ್ಬರೂ ಕೆಂದಿ ಹುಣ್ಣು ಮುಟ್ಟಿದ್ದಕ್ಕೆ ಅಂದ್ರು. ಆಮೇಲೆ ಬೇಲಿ ದಾಟಿ ಹೋಗಿ ಕ್ಯಾತಮ್ಮನಿಗೆ ಕೈ ತೋರಿಸು ಅಂದ್ಲು, ಅಲ್ಲೂ ಅದೇ ಕಲೆ, ಅದೇ ಉತ್ತರ. ಈರಕ್ಕ ಹಸುವಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಲಂತೆ. ಹಸು ಇವರಿಗೆ ಮೊದಲೇ ಒಂದು ಚಿಕ್ಕ ಕಾಯಿಲೆ ಕೊಟ್ಟಿದೆ, ಅದಕ್ಕೇ ದೊಡ್ಡದು ಇವರ ತಂಟೆಗೆ ಬರ್ತಿಲ್ಲವೋ ಏನೋ, ಯಾರಿಗೆ ಗೊತ್ತು ಅಂತ ತಲೆ ಕೆಟ್ಟುಹೋಯ್ತು. ಮನೇಲಿ ಅವಳ ಮಗಳು ಮಾಳಿ ಇದ್ದಳಲ್ಲ, ಇನ್ನೂ ಅಂಬೆಗಾಲಿಡೋ ಕೂಸು, ಕಾಯಿಲೆ ಪಕ್ಕದ ಗೋಡೆವರೆಗೂ ಬಂದಿತ್ತು.

"ನಿನ್ನ ನಂಬಿ ಬಂದಿಲ್ಲ ನಾನು" ಅಂದ್ಲು ಈರಕ್ಕ. "ಮೂರು ಕೈ ನೋಡಿ ಬಂದಿದೀನಿ. ಹಂಡಿ ಮೊಲೆ ಹುಣ್ಣು ಇನ್ನೂ ಹಸಿ ಇದೆಯಲ್ಲ, ಅದರ ನೀರು ನನ್ನ ಕೈಗೆ ಹಚ್ಚು."

"ಏನಾದ್ರೂ ಆದ್ರೆ ನನ್ನೇ ಅಂತೀಯ" ಅಂದ್ಲು ಕ್ಯಾತಮ್ಮ.

"ಅಂತೀನಿ."

ಕ್ಯಾತಮ್ಮ ಬೇಲಿಯಿಂದ ಒಂದು ಜಾಲಿಮುಳ್ಳು ಕಿತ್ಲು. ಅದರಲ್ಲಿ ಈರಕ್ಕನ ಕೈ ಒಂಚೂರು ಕೆರೆದು, ಹುಣ್ಣಿನ ನೀರು ಸವರಿದ್ಲು. ಈರಕ್ಕನ ಕೈ ಊದಿತು, ಗುಳ್ಳೆ ಬಂತು, ಜ್ವರವೂ ಬಂತು. ಕೊಂದೇಬಿಟ್ಲು ನನ್ನ ಅಂತ ಗಂಡನ ಹತ್ರ ಗೊಣಗಿದ್ಲಂತೆ. ಆದ್ರೆ ಜ್ವರ ಬಿಡ್ತು, ಗುಳ್ಳೆ ಒಣಗ್ತು. ಎದ್ದವಳೇ ಹೋಗಿ ಗಿಡ್ಡಮ್ಮನ ಮನೆ ರೋಗಿಗಳ ನಡುವೆ ಮಲಗಿದ್ಲು, ದಿನಾ ಎದ್ದು ತನ್ನ ಮೈ ತಾನೇ ತಡವಿ ನೋಡಿದ್ಲು. ಏನೂ ಬರಲಿಲ್ಲ. ಆಮೇಲೆ ಮಾಳಿಯನ್ನ ಸೆರಗಲ್ಲಿ ಕಟ್ಕೊಂಡು ಬೇಲಿ ದಾಟಿದ್ಲು. ಕೂಸಿನ ತೋಳು ಈರಕ್ಕ ಹಿಡ್ಕೊಂಡ್ಲು, ಕ್ಯಾತಮ್ಮ ಹಚ್ಚಿದ್ಲಂತೆ. ಆ ಕೂಸಿಗೆ ಒಂದೇ ಒಂದು ಗುಳ್ಳೆ ಎದ್ದು ಒಣಗಿತು. ಕಾಯಿಲೆ ಗೋಡೆ ದಾಟಿ ಮನೆಯೊಳಗೆ ಬಂತು, ಈರಕ್ಕನ ಗಂಡನ್ನ ಮಲಗಿಸಿತು, ಅವನು ಹೆಂಗೋ ಉಳ್ಕೊಂಡ, ಅದೇ ಮನೇಲಿ ಮಾಳಿ ಅಂಬೆಗಾಲಿಟ್ಟು ಓಡಾಡ್ಕೊಂಡೇ ಇದ್ಲು.

ಆಮೇಲೆ ಏನಾಯ್ತು ಗೊತ್ತಾ? ಹಟ್ಟಿಯೋರು ಬಾವಿ ಹತ್ರ, ಈರಕ್ಕನಿಗೂ ಬರಲಿಲ್ಲವಲ್ಲ, ಇವಳೂ ಅವಳ ಜೊತೆ ಸೇರ್ಕೊಂಡ್ಲು ಅಂತ ಪಿಸುಗುಟ್ಟಿದ್ರಂತೆ. ಈರಕ್ಕ ಬಿಂದಿಗೆ ಕೆಳಗಿಟ್ಲು.

"ಈ ಮಾತು ಶುರು ಮಾಡಿದೋಳೇ ನಾನು" ಅಂದ್ಲು. "ನಂಬಬೇಡಿ ನನ್ನ. ಅನುಮಾನ ಪಡಿ, ಆದ್ರೆ ಮನೇಲಿ ಕೂತು ಪಡಬೇಡಿ. ಬಂದು ಈ ಕೈಗಳನ್ನ ನೋಡಿ, ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳಿ."

ಮೊದಲು ಎದ್ದೋಳು ಬೊಮ್ಮಕ್ಕ. ಕಾಯಿಲೆಯಲ್ಲಿ ಒಂದು ಕಣ್ಣು ಹೋಗಿತ್ತು, ಕೂಸು ಹೋಗಿತ್ತು, ಅವಳಿಗೆ ಹೆದರೋಕೆ ಇನ್ನೇನಿತ್ತು ಹೇಳು. ಉಳಿದಿದ್ದ ಕಣ್ಣಲ್ಲಿ ಪಾತಜ್ಜನ ಕೈ ನೋಡಿದ್ಲು, ಮಾಳಿ ತೋಳು ನೋಡಿದ್ಲು. ನನ್ನ ಕೂಸಿಗೂ ಹಚ್ಚಿದ್ರೆ ಉಳೀತಿತ್ತೇನೋ ಅಂದ್ಲು. ಆ ಮಾತು ಕೇಳಿ ಹೆಂಗಸರೆಲ್ಲಾ ತಮ್ಮ ತಮ್ಮ ಮಕ್ಕಳನ್ನ ಎತ್ಕೊಂಡು ಬೇಲಿ ಬಾಗಿಲಿಗೆ ನಡೆದ್ರಂತೆ, ಸಿರಿಯಜ್ಜಿ ತಾನೇ ಅಡ್ಡ ಇಟ್ಟಿದ್ದ ಮುಳ್ಳಿನ ಪಡಿ ಸರಿಸಿದ್ಲಂತೆ.

ಕ್ಯಾತಮ್ಮ ಎಲ್ಲ ಮಕ್ಕಳಿಗೂ ಹಚ್ಚಿದ್ಲು. ಆದ್ರೆ ಒಳಗೆ ಬಾ ಅಂದ್ರೆ ಕೂಡಲೇ ಬರಲಿಲ್ಲ. ಚಿತ್ತಯ್ಯ ಗುಡ್ಲು ಮುಂದೆ ತಲೆ ತಗ್ಗಿಸ್ಕೊಂಡು ನಿಂತ, ಹೆದರಿಬಿಟ್ಟಿದ್ದೆ ಕಣೆ ಅಂದ. ನಾನೂ ಹೆದರಿದ್ದೆ, ನನ್ನ ಜೊತೆ ನಿಂತು ಹೆದರಬಹುದಿತ್ತು ಅಂದ್ಲಂತೆ ಅವಳು. ಅವನು ಮನೆಗೆ ಹೋಗಿ ತನ್ನ ಕಂಬಳಿ ತಂದು ಆ ಗುಡ್ಲಲ್ಲೇ ಹಾಸ್ಕೊಂಡ. ಮಳೆ ಬರೋವರೆಗೂ ಇಬ್ಬರೂ ಅಲ್ಲೇ ಇದ್ದು, ಆಮೇಲೆ ಕೆಂದಿ, ಹಂಡಿ, ಕರು ಎಲ್ಲಾ ಮುಂದೆ ಬಿಟ್ಕೊಂಡು ಹಟ್ಟಿಗೆ ಬಂದ್ರಂತೆ. ಅವತ್ತು ಈರಕ್ಕ ಪಾಯಸ ಮಾಡಿ, ಮೊದಲ ಬಟ್ಟಲು ಕ್ಯಾತಮ್ಮನಿಗೆ ಕೊಟ್ಲು. ಕ್ಯಾತಮ್ಮ ಬಟ್ಟಲನ್ನ ಹಿಂದಕ್ಕೆ ತಳ್ಳಿ, ಮೊದಲು ನೀನು ಕುಡಿ, ನೋಡೋಣ ಅಂದ್ಲಂತೆ. ಈರಕ್ಕನೇ ಮೊದಲು ನಕ್ಕಿದ್ದು.

ಅವರು ಪಾಯಸ ಕುಡಿದು ಮಲಗಿದ್ರು, ಕತೆಯೂ ಅವರ ಜೊತೆ ಮಲಗ್ತು. ಇನ್ನು ನೀನು ಮಲಗು, ಕತೆ ಮುಗೀತು.