ಸಿಂಗ್ರಯ್ಯ ಕಾದ ರಟ್ಟಿನ ಸ್ಟೇಷನ್

ರೈಲು ತಡವಾದರೂ ಕತೆ ತಡವಿಲ್ಲ, ಹತ್ತುವವರು ಹತ್ತಿಕೊಳ್ಳಿ.

ಅರಸೀಕೆರೆಯಲ್ಲಿ ಪುಟ್ನಂಜಮ್ಮ ಅಂತ ಒಬ್ಬಳು. ಸಿಹಿ ಅಂಗಡಿಗೆ ರಟ್ಟಿನ ಡಬ್ಬಿ ಮಾಡಿಕೊಟ್ಟು ಬದುಕುವವಳು. ಅವಳ ಮಗ ಸಿಂಗ್ರಯ್ಯ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವಳ ಗೋಳು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನ ಹಾಕೋರು ಯಾರು ಅಂತ ಅವಳಿಗೆ ಒಂದೇ ಚಿಂತೆ.

ಅದೇ ಬೀದಿಯಲ್ಲಿ ಮುಕುಂದರಾಯರು, ನಿವೃತ್ತ ಸ್ಟೇಷನ್ ಮಾಸ್ಟರು. ಹಜಾರದ ದೊಡ್ಡ ಮೇಜಿನ ಮೇಲೆ ಆಟದ ರೈಲು ಹಾಕಿದ್ದರು. ಹಳಿ ಇತ್ತು, ಎಂಜಿನ್ ಇತ್ತು, ಊರಿರಲಿಲ್ಲ.

"ಪುಟ್ನಂಜಮ್ಮ, ರಟ್ಟಿನಲ್ಲಿ ಊರು ಕಟ್ಟಿಕೊಡು. ಭಾನುವಾರ ಶಾಲೆ ಮಕ್ಕಳು ನೋಡೋಕೆ ಬರ್ತಾರೆ. ನಿನ್ನ ಮಗ ಜೋಪಾನವಾಗಿ ತಂದು ಜೋಡಿಸಿದರೆ, ಈ ಸ್ಟೇಷನ್ ಕಾಯೋ ಕೆಲಸ ಅವನಿಗೇ" ಅಂದರು.

ಅವಳಿಗೆ ದೇವರೇ ಬಾಗಿಲಿಗೆ ಬಂದ ಹಾಗಾಯಿತು. ರಟ್ಟು ಕತ್ತರಿಸಿದಳು, ಮೈದಾ ಅಂಟು ಕಾಸಿದಳು, ಸಾಲುಮನೆ ಮಾಡಿ ತಟ್ಟೆಯಲ್ಲಿಟ್ಟು ಕಳಿಸಿದಳು. ಬೀದಿಯಲ್ಲಿ ಗಾಳಿ ಬೀಸಿತು. ಮನೆಗಳೆಲ್ಲ ಹಾರಿ ಚರಂಡಿಗೆ ಬಿದ್ದವು. ಸಿಂಗ್ರಯ್ಯ ಬರಿ ತಟ್ಟೆ ಹಿಡಿದು ಬಂದ.

"ಅಯ್ಯೋ ಪೆದ್ದೇ! ಮೇಲೊಂದು ಭಾರ ಹೇರಬಾರದಿತ್ತೇನ್ಲಾ?"

"ಆಗಲಿ ಬಿಡವ್ವ, ಇನ್ನುಮೇಲೆ ಹೇರ್ತೀನಿ."

ಮಾರನೆಯ ದಿನ ಗೂಡ್ಸ್ ಶೆಡ್ ಮಾಡಿಕೊಟ್ಟಳು. ಅವನು ಅದರ ಮೇಲೆ ರುಬ್ಬುವ ಗುಂಡುಕಲ್ಲು ಹೇರಿದ. ಶೆಡ್ಡು ಹಪ್ಪಳವಾಯಿತು.

"ನನ್ನ ಹಣೇಬರಹವೇ! ರಟ್ಟಿನ ಮನೆ ಅಂದ್ರೆ ಹಸುಗೂಸು ಕಣ್ಲಾ. ಕೂಸನ್ನ ನೋಡ್ಕಳಂಗೆ ನೋಡ್ಕಬೇಕು."

"ಆಗಲಿ ಬಿಡವ್ವ, ಹಂಗೇ ನೋಡ್ಕತೀನಿ."

ಆಮೇಲೆ ಸ್ಟೇಷನ್. ಹೆಂಚಿನ ಚಾವಣಿ, ಟಿಕೆಟ್ ಕಿಟಕಿ, ಎಲ್ಲ ಮಾಡಿದ್ದಳು. ಸಿಂಗ್ರಯ್ಯ ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತಿಕ್ಕಿದ, ಬಿಸಿನೀರು ಹೊಯ್ದ, ಸಾಂಬ್ರಾಣಿ ಹೊಗೆಯನ್ನೂ ಹಿಡಿದ. ಸ್ಟೇಷನ್ ಅಂಬಲಿಯಾಗಿ ಬಚ್ಚಲಿಗೆ ಹರಿಯಿತು. ಪುಟ್ನಂಜಮ್ಮ ಬಚ್ಚಲಿಗೆ ಓಡಿ ಬಂದಳು. ಭಾನುವಾರ ಹತ್ತಿರ ಬಂದಿತ್ತು.

"ಕೂಸಲ್ಲ ಕಣ್ಲಾ, ಮನೆ! ಎದುರುಮನೆಯೋರು ಗೃಹಪ್ರವೇಶದಲ್ಲಿ ಹೊಸ ಮನೆಗೆ ಏನೇನು ಮರ್ಯಾದೆ ಮಾಡಿದ್ರು, ನೋಡಲಿಲ್ವಾ?"

ನೋಡಿದ್ದ. ಹೋಳಿಗೆಯನ್ನೂ ತಿಂದು ಬಂದಿದ್ದ.

ಪುಟ್ನಂಜಮ್ಮ ಇಡೀ ಊರನ್ನು ಮತ್ತೆ ಮಾಡಿದಳು. ಈ ಸಲ ತಾನೇ ಹೊತ್ತಳು, ತಾನೇ ಜೋಡಿಸಿದಳು. ಭಾನುವಾರ ರಾಯರು ರೈಲು ಬಿಟ್ಟು ನೋಡಿದರು. ರಟ್ಟಿನ ಊರಿನ ನಡುವೆ ರೈಲು ಸುತ್ತಿತು. ಅವರ ಮುಖ ಅರಳಿತು. ಸಿಂಗ್ರಯ್ಯನ ಕೈಗೆ ಹಸಿರು ಬಾವುಟ ಕೊಟ್ಟರು.

"ಸ್ಟೇಷನ್ ಮೇಲಿಂದ ಕಣ್ಣು ತೆಗೀಬೇಡ. ಅದು ಎಲ್ಲಿರುತ್ತೋ ನೀನೂ ಅಲ್ಲೇ ಇರಬೇಕು. ಇವತ್ತು ಸರಿಯಾಗಿ ಕಾದರೆ ಕೆಲಸ ನಿಂದು" ಎಂದು ಹೇಳಿ ಮಕ್ಕಳನ್ನು ಕರೆತರಲು ಗೇಟಿಗೆ ಹೋದರು. ಪುಟ್ನಂಜಮ್ಮ ಅಂಟಿನ ಕೈ ತೊಳೆಯಲು ಹೋದಳು.

ರಾಯರ ಹಿತ್ತಲಲ್ಲಿ ಯಾರದೋ ಹಸು ಅಂಬಾ ಅಂದಿತು. ಹೊಸ ಮನೆಗೆ ಮೊದಲು ಹಸು ನುಗ್ಗಿಸಬೇಕಲ್ಲವೇ? ಎದುರುಮನೆಯವರು ಹಾಗೇ ಮಾಡಿದ್ದರು. ಸಿಂಗ್ರಯ್ಯ ಸ್ಟೇಷನ್ ಮೇಲಿನ ಕಣ್ಣು ತೆಗೆಯದೆ ಹಿಂದೆ ಹಿಂದೆ ಹೆಜ್ಜೆಯಿಟ್ಟ, ಹಿತ್ತಲ ಬಾಗಿಲು ತೆಗೆದ, ಬಾಳೆಹಣ್ಣಿನ ಸಿಪ್ಪೆ ತೋರಿಸಿದ. ಹಸು ಒಳಗೆ ಬಂತು. ಮೈದಾದ ವಾಸನೆ ಹಿಡಿಯಿತು. ಮೇಜು ಅದಕ್ಕೆ ಗೋದಲಿಯಷ್ಟೇ ಎತ್ತರ.

ಪುಟ್ನಂಜಮ್ಮ ಓಡಿ ಬಂದಾಗ ಸಾಲುಮನೆ ಮುಗಿದು, ಸ್ಟೇಷನ್ನಿನ ಕೊನೆಯ ಹೆಂಚು ಹಸುವಿನ ಬಾಯಲ್ಲಿತ್ತು. ಬಾಗಿಲಲ್ಲಿ ರಾಯರು, ಅವರ ಹಿಂದೆ ಮಕ್ಕಳು. ಬರಿ ಹಳಿಯ ಮೇಲೆ ರೈಲು ಸುತ್ತುತ್ತಲೇ ಇತ್ತು.

"ಎಲ್ಲೋ ನನ್ನ ಸ್ಟೇಷನ್ನು?" ರಾಯರು ಬರಿ ಮೇಜು ತಡವಿದರು.

ಸಿಂಗ್ರಯ್ಯ ಹಸುವಿನ ಹೊಟ್ಟೆ ತೋರಿಸಿದ. "ಭದ್ರವಾಗಿದೆ ಸ್ವಾಮಿ. ಇನ್ನು ಗಾಳಿಗೆ ಹಾರಂಗಿಲ್ಲ, ಕಲ್ಲಿಗೆ ಚಪ್ಪಟೆಯಾಗಂಗಿಲ್ಲ."

ಹಸು ಬಂದ ದಾರಿಯಲ್ಲೇ ಹೊರಟಿತು. ಸಿಂಗ್ರಯ್ಯನೂ ಹೊರಟ.

"ಎಲ್ಲಿಗ್ಲಾ ಹೋಗ್ತೀಯಾ?" ಅಂತ ತಾಯಿ ಅಳುತ್ತಾ ಕೂಗಿದಳು.

"ಕೆಲಸಕ್ಕೆ ಕಣವ್ವ" ಅಂದ ಅವನು. ಹಸಿರು ಬಾವುಟ ಎತ್ತಿ ಹಿಡಿದು, ಕಣ್ಣು ಅತ್ತಿತ್ತ ಹೊರಳಿಸದೆ, ಹಸುವಿನ ಹಿಂದೆ ಬೀದಿಗುಂಟ ನಡೆದ.