ಮೊದಲ ಮಗುವಿನ ಎಲೆ

"ಗುರುಗಳೇ, ಕಿರಿಯರಿಗೆ ಪಾಠ ಹೇಳುವಾಗ ನಾನು ಅವರ ಹಿತವನ್ನಲ್ಲದೆ ಬೇರೇನನ್ನೂ ಬಯಸುವುದಿಲ್ಲ. ಆದರೂ ನನ್ನನ್ನು ಕಂಡರೆ ಅವರು ಮುದುಡಿ ಕೂರುತ್ತಾರೆ. ಹೇಳಿದ್ದು ಯಾವುದೂ ಒಳಗೆ ಇಳಿಯುವುದಿಲ್ಲ. ಏಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಂಬಳಿ ನೇಯುವವನಿದ್ದ. ಅವನ ಹೆಂಡತಿ ಹೆತ್ತ ಮೊದಲ ಮಗುವಿಗೆ ಸರಿಯಾಗಿ ನುಂಗಲು ಬರುತ್ತಿರಲಿಲ್ಲ. ಕುಡಿಸಿದ ಹಾಲು ಮೂಗಿನಿಂದ ಬರುತ್ತಿತ್ತು. ಉಸಿರಾಡಿದರೆ, ನೀರೊಳಗಿನಿಂದ ಯಾರೋ ಮಾತಾಡಿದಂತೆ ಗಂಟಲಲ್ಲಿ ಗೊರಗೊರ ಸದ್ದಾಗುತ್ತಿತ್ತು. ಅದು ವರ್ಷ ತುಂಬುವ ಮೊದಲೇ ಸೊರಗಿ ತೀರಿಕೊಂಡಿತು.

ಎರಡನೆಯ ಮಗು ಹುಟ್ಟಿತು. ಕೆಲವು ಕಾಲ ಚೆನ್ನಾಗಿತ್ತು. ಆಮೇಲೆ ಅದರ ಗಂಟಲಲ್ಲೂ ಅದೇ ಸದ್ದು ಕೇಳಿಸಿತು.

ತಾಯಿ ಬೆದರಿದಳು. ಕಾಲು ನೀಡಿ ಕೂತು, ಮಗುವನ್ನು ಅಂಗಾತ ಮಲಗಿಸಿ, ಕೈಗಳನ್ನು ಅದುಮಿ ಹಿಡಿದು, ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಿಂದ ತೆಳ್ಳನೆಯ ಅಂಬಲಿ ಹುಯ್ದಳು. ಅತ್ತರೆ ಬಾಯಿ ತೆರೆಯುತ್ತದೆ; ತೆರೆದಾಗ ಹುಯ್ದಳು. ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು. ಅವಳು ಬೆನ್ನು ತಟ್ಟಿ, ತಾನೂ ಅಳುತ್ತ, ಮತ್ತೆ ಒಳಲೆ ತುಂಬುತ್ತಿದ್ದಳು. ಬಿಟ್ಟರೆ ಇದೂ ಹೋಗುತ್ತದೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಬರಬರುತ್ತ ಮಗು ಒಳಲೆಯನ್ನು ಕಂಡರೇ ಹಲ್ಲು ಕಚ್ಚತೊಡಗಿತು.

ಊರಿನ ಮುದುಕಿಯೊಬ್ಬಳು ಬಂದು ಆ ಸದ್ದಿಗೆ ಕಿವಿಗೊಟ್ಟಳು. "ಮೊದಲನೆಯದು ಹಸಿದುಕೊಂಡೇ ಹೋಯಿತಲ್ಲ ತಾಯಿ, ಅದು ಇದರ ಗಂಟಲಲ್ಲಿ ಕೂತಿದೆ. ಅದಕ್ಕೊಂದು ಎಲೆ ಹಾಕು. ಬಡಿಸಿ ಹೊರಗೆ ಬಾ, ತಿರುಗಿ ನೋಡಬೇಡ" ಎಂದಳು.

ಮರುದಿನ ಮಟಮಟ ಮಧ್ಯಾಹ್ನ ತಾಯಿ ಮುತ್ತುಗದ ಎಲೆ ಹಾಕಿದಳು. ಅಂಬಲಿ ಎಲೆಯ ಮೇಲೆ ನಿಲ್ಲದೆಂದು ರಾಗಿಯನ್ನು ನುಣ್ಣಗೆ, ಗಟ್ಟಿಯಾಗಿ ಬೇಯಿಸಿದ್ದಳು. ಮಗು ಚಾಪೆಯ ಮೇಲಿತ್ತು. ಅದು ತೆವಳುವುದನ್ನು ಅವಳು ಎಂದೂ ಕಂಡಿರಲಿಲ್ಲ. ಎಲೆಯನ್ನು ಮೂಲೆಯಲ್ಲಿಟ್ಟು, ಬಾಗಿಲು ಎಳೆದುಕೊಂಡು, ಹಿತ್ತಿಲ ಗೋಡೆಗೆ ಒರಗಿ ಕೂತಳು.

ಒಳಗೆ ನೆಕ್ಕುವ ಸದ್ದಾಯಿತು.

ಅವಳ ಮೈ ಜುಮ್ಮೆಂದಿತು. ಆದರೂ ಓಡಲಿಲ್ಲ. ಅದೂ ತಾನು ಹೆತ್ತದ್ದೇ ಅಲ್ಲವೇ? ಗೋಡೆಯ ಹತ್ತಿರ ಬಾಯಿ ತಂದು, "ಮೆಲ್ಲಗೆ ಉಣ್ಣು ಕಂದಾ. ಕೆಮ್ಮು ಬಂದರೆ ನಿಲ್ಲಿಸು. ಸಾಕಾದರೆ ಬಿಡು. ನಿನ್ನನ್ನು ಯಾರೂ ಹಿಡಿದುಕೊಳ್ಳುವುದಿಲ್ಲ" ಎಂದಳು. ಒಳಗೆ ಒಂದು ಕೆಮ್ಮು ಕೇಳಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ನೆಕ್ಕುವ ಸದ್ದು.

ಬಾಗಿಲು ತೆರೆದಾಗ ಎಲೆ ಬರಿದಾಗಿತ್ತು. ಮಗು ಮಲಗಿಸಿದಲ್ಲೇ ಇತ್ತು. ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು. ಅದರ ತುಟಿಗೆ ಅಂಟಿದ್ದ ರಾಗಿ ಬೆಳಿಗ್ಗೆ ತಾನು ಹುಯ್ದದ್ದೆಂದು ಅವಳು ತಿಳಿದಳು.

ದಿನವೂ ಹೀಗೇ ನಡೆಯಿತು. ಬೆಳಿಗ್ಗೆ ಒಳಲೆ, ಒದ್ದಾಟ, ಕೆಮ್ಮು. ಮಧ್ಯಾಹ್ನ ಎಲೆ, ಗೋಡೆಯಾಚೆಯಿಂದ ಮೆಲುಮಾತು. ಮಗು ಅವಳ ಕೈಯಿಂದ ಒಂದು ಗುಟುಕೂ ನುಂಗದೆ ಹೋದರೂ ಸೊರಗಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

"ಸತ್ತದ್ದಕ್ಕೆ ಮನೆಯ ಊಟದ ರುಚಿ ಹತ್ತಿಸಬೇಡ. ಹೋಗುವಾಗ ಅದು ಒಂಟಿಯಾಗಿ ಹೋಗುವುದಿಲ್ಲ" ಎಂದ ಗಂಡ.

ಆ ಮಾತು ಅವಳನ್ನು ಕೊರೆಯಿತು. ಮರುದಿನ ಸದ್ದು ಕೇಳಿದೊಡನೆ ಎದ್ದು ಬಂದು ಬಾಗಿಲು ತಳ್ಳಿದಳು.

ಎಲೆಯ ಮುಂದೆ ಬದುಕಿದ್ದ ಮಗುವೇ ಕೂತಿತ್ತು. ಗೋಡೆಗೆ ಬೆನ್ನು ಕೊಟ್ಟು, ಗದ್ದ ತಗ್ಗಿಸಿ, ಬೆರಳಿಗೆ ಹತ್ತಿದಷ್ಟನ್ನೇ ನೆಕ್ಕಿ, ಕಾದು, ನುಂಗುತ್ತಿತ್ತು. ತಾಯಿಯನ್ನು ಕಂಡದ್ದೇ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿತು. ಆಮೇಲೆ ಚಾಪೆಗೆ ತೆವಳಿ, ಅಂಗಾತ ಮಲಗಿ, ಮೈ ಬಿಗಿ ಮಾಡಿ, ಕಣ್ಣು ಮುಚ್ಚಿತು.

ಅವಳಿಗೆ ಹೊಸ್ತಿಲು ದಾಟಲಾಗಲಿಲ್ಲ. ಹಿತ್ತಿಲಿಗೆ ಹಿಂದಿರುಗಿ, ಅದೇ ಗೋಡೆಗೆ ಒರಗಿ, ಸತ್ತ ಮಗುವಿಗೆ ಹೇಳುತ್ತಿದ್ದ ಮಾತುಗಳನ್ನೇ ಹೇಳಿದಳು. ಬಹಳ ಹೊತ್ತು ಒಳಗೆ ಸದ್ದಿರಲಿಲ್ಲ. ಬಿಸಿಲು ಇಳಿಯುವಾಗ ನೆಕ್ಕುವ ಸದ್ದು ಕೇಳಿಸಿತು.

ಅಂದಿನಿಂದ ಅವಳು ಒಳಲೆ ಮುಟ್ಟಲಿಲ್ಲ. ಕೆಲವು ದಿನ ಹೊಸ್ತಿಲಾಚೆ ಕೂತಳು. ಆಮೇಲೆ ಒಳಗೆ, ಮುಖ ಆಚೆ ತಿರುಗಿಸಿಕೊಂಡು. ಒಂದು ದಿನ ಮಗು ತಾನಾಗಿ ಬಂದು ಅವಳ ಬೆನ್ನಿಗೆ ಒರಗಿ ಉಂಡಿತು. ಗಂಟಲಿನ ಸದ್ದು ಕಡಿಮೆಯಾಗುತ್ತ ಬಂತು. ನೀರು ಕುಡಿದರೆ ದೊಡ್ಡವನಾದ ಮೇಲೂ ಕೆಮ್ಮುತ್ತಿದ್ದನಂತೆ. ಆದರೆ ಬದುಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಸತ್ತ ಮಗು ಆ ಮನೆಗೆ ಬಂದೇ ಇರಲಿಲ್ಲ, ಅಲ್ಲವೇ?" ಎಂದ.

"ಬಂದಿರದಿದ್ದರೆ, ಬದುಕಿದ್ದ ಮಗುವಿನೊಡನೆ ಮೆಲ್ಲಗೆ ಮಾತಾಡುವುದನ್ನು ಅವಳಿಗೆ ಕಲಿಸಿದವರು ಯಾರು?" ಎಂದರು ಗುರುಗಳು.