ಕೆಂದಳಿಲು ಕಡಿದ ಹಗ್ಗ

ಶಿಷ್ಯ ಕೇಳಿದ: "ಗುರುಗಳೇ, ಸಂಶಯ ಬಂದ ಮೇಲೆ ಎಚ್ಚರವಾಗಿರುವುದು ತಪ್ಪೇ? ಹೋದ ವಾರ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯ ಮರುಳಯ್ಯನನ್ನು ಎಲ್ಲರೆದುರು ಬೈದೆ. ಮಾರನೆಯ ದಿನ ಅವನು ಬಡಿಸಿದ್ದನ್ನು ಉಂಡು ನನಗೊಬ್ಬನಿಗೇ ಹೊಟ್ಟೆ ಕೆಟ್ಟಿತು. ಅಂದಿನಿಂದ ಅವನ ಕೈಯ ಊಟ ಬಿಟ್ಟಿದ್ದೇನೆ. ಹಿತ್ತಲಿನ ಒಲೆಯಲ್ಲಿ ನನ್ನ ಗಂಜಿ ನಾನೇ ಬೇಯಿಸಿಕೊಳ್ಳುತ್ತೇನೆ."

"ಗಂಜಿಗೆ ಉಪ್ಪು ಸರಿಯಾಗಿ ಬೀಳುತ್ತಿದೆಯೋ?" ಎಂದರು ಗುರುಗಳು. ಶಿಷ್ಯ ನಗಲಿಲ್ಲ. ಗುರುಗಳು ಕತೆ ಶುರು ಮಾಡಿದರು.

ಬೆಟ್ಟದ ಕಾಡಿನಲ್ಲಿ ಜೇನು ಕೀಳುವವನೊಬ್ಬನಿದ್ದ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಯ ಮೈಗೆ. ಮೇಲಿನ ಮರದ ಕೊಂಬೆಗೆ ನಾರಿನ ಹಗ್ಗ ಬಿಗಿದು, ಅದನ್ನು ಹಿಡಿದು ಇಳಿಯಬೇಕು. ಹಗ್ಗದ ಬಳಿ ಒಬ್ಬ ಕಾವಲಿಗೆ ಕೂರಬೇಕು. ಆ ಕಾವಲು ಹೆಂಡತಿಯ ಒಡಹುಟ್ಟಿದವನದೇ ಎಂಬುದು ಅವರ ಕಟ್ಟಳೆ. ಅಕ್ಕ ವಿಧವೆಯಾಗಲಿ ಎಂದು ಯಾವ ತಮ್ಮನೂ ಬಯಸುವುದಿಲ್ಲ ನೋಡು. ಹಿರಿಯರು ಯೋಚಿಸಿಯೇ ಮಾಡಿದ್ದರು.

ಒಂದು ದಿನ ಜೇನು ಕಿತ್ತು ಮೇಲೆ ಬಂದವನು ಹಗ್ಗ ನೋಡಿದ. ಕೊಂಬೆಯ ಹತ್ತಿರ ಅದರ ಒಂದು ಎಳೆ ತುಂಡಾಗಿತ್ತು. ಕಾವಲಿಗೆ ಕೂತಿದ್ದ ಮೈದುನನ ಸೊಂಟದಲ್ಲಿ ಕತ್ತಿ ಇತ್ತು.

"ಕೆಂದಳಿಲು ಕಡೀತು, ಭಾವ. ಹಗ್ಗಕ್ಕೆ ಜೇನು ಹತ್ತಿದೆಯಲ್ಲ, ಅದರ ರುಚಿಗೆ ಬರುತ್ತೆ. ಓಡಿಸಿದೆ" ಎಂದ ಮೈದುನ.

ಕೆಂದಳಿಲು ಬೆಕ್ಕಿನಷ್ಟು ದೊಡ್ಡದು. ಕೆಂಪು ಮೈ, ಮೊಳದುದ್ದದ ಬಾಲ. ಮರದ ತುದಿಯಲ್ಲೇ ಅದರ ಬಾಳು. ಗಟ್ಟಿ ಕಾಯಿಯನ್ನೇ ಕೊರೆಯುವ ಹಲ್ಲಿಗೆ ನಾರು ಯಾವ ಲೆಕ್ಕ? ಕಾಡಿನಲ್ಲಿ ಹುಟ್ಟಿದ ಜೇನಿನವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅದಕ್ಕೆ ನಾಲ್ಕು ದಿನ ಮುಂಚೆ ಅವನು ಹೆಂಡತಿಗೆ ಹೊಡೆದಿದ್ದ. ಮೈದುನ ಅದನ್ನು ಬಾಗಿಲಲ್ಲಿ ನಿಂತು ನೋಡಿದ್ದ, ಒಂದು ಮಾತೂ ಆಡದೆ ಹೋಗಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದವರು ಯಾರೂ ಇಲ್ಲ. ಇವನು ತಾನಾಗಿಯೇ ಹೆಗಲು ಮುಟ್ಟಿಕೊಂಡ.

"ನಾಳೆಯಿಂದ ನೀನು ಬರಬೇಡ" ಎಂದುಬಿಟ್ಟ.

ಮರುದಿನ ಬೆಳಿಗ್ಗೆ ಒಬ್ಬನೇ ಹೋದ. ತುಂಡಾದ ಎಳೆಗೆ ಎಳೆ ಸೇರಿಸಿ ಹೊಸೆದ. ಕೊಂಬೆಗೆ ಒಂದರ ಮೇಲೊಂದು ಮೂರು ಗಂಟು ಹಾಕಿದ. ಸುತ್ತ ಯಾರೂ ಇಲ್ಲ ಎಂದು ಎರಡು ಸಲ ನೋಡಿ, ನೆಮ್ಮದಿಯಿಂದ ಇಳಿದ. ಅರ್ಧ ಇಳಿಯುವಷ್ಟರಲ್ಲಿ ಹಗ್ಗ ನಡುಗಿತು. ತಲೆ ಎತ್ತಿದರೆ ಕೊಂಬೆಯ ಮೇಲೆ ಕೆಂದಳಿಲು. ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಡಿಯುತ್ತಿದೆ. ಕೂಗಿದ, ಬೈದ. ಅದು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಎಳೆ ಹರಿಯಿತು, ಇನ್ನೊಂದು ಹರಿಯಿತು. ಮೂರು ಗಂಟುಗಳೂ ಗಟ್ಟಿಯಾಗಿಯೇ ಇದ್ದವು. ಕೆಳಗೆ ನೂರಾಳುದ್ದದ ಪ್ರಪಾತ. ಅವನಿಗೆ ಹೆದರಿಕೆಯಿಂದ ಅಳು ಬಂತು.

ಆಗ ಪೊದೆಯಿಂದ ಕಲ್ಲೊಂದು ಹಾರಿ ಬಂತು. ಅಳಿಲು ನೆಗೆದು ಓಡಿತು. ಕಡಿದ ಜಾಗಕ್ಕಿಂತ ಕೆಳಗೆ ಯಾರೋ ಹಗ್ಗ ಹಿಡಿದು, ಬಂಡೆಗೆ ಕಾಲು ಕೊಟ್ಟು ನಿಂತರು. ಅವನು ಹೇಗೋ ಹತ್ತಿ ಬಂದ. ನಿಂತಿದ್ದವನು ಮೈದುನ. ಅವನ ಅಂಗೈಯ ಚರ್ಮ ಸುಲಿದು ರಕ್ತ ಸುರಿಯುತ್ತಿತ್ತು. ಜೇನಿನವನು ಮೊದಲು ನೋಡಿದ್ದು ಮಾತ್ರ ಅವನ ಸೊಂಟವನ್ನು. ಅಲ್ಲಿ ಕತ್ತಿ ಇರಲಿಲ್ಲ.

"ಬರಬೇಡ ಅಂದಿದ್ದೆ. ಯಾಕೆ ಬಂದೆ?"

"ನೀವು ಬೇಡ ಅಂದಿರಿ, ಭಾವ. ಅಕ್ಕ ಹೋಗು ಅಂದಳು."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ "ಆಮೇಲಾದರೂ ಅವನ ಸಂಶಯ ಹೋಯಿತೇ?" ಎಂದು ಕೇಳಿದ.

ಗುರುಗಳೆಂದರು: "ಅದಿರಲಿ, ದಿನಾ ಬೆಳಿಗ್ಗೆ ನಿನ್ನ ಒಲೆಯ ಪಕ್ಕ ಒಣ ಸೌದೆ ಸೀಳಿ ಇಟ್ಟಿರುತ್ತದಲ್ಲ, ಅದನ್ನು ಇಡುವವರು ಯಾರೆಂದು ಒಮ್ಮೆಯಾದರೂ ಸಂಶಯಪಟ್ಟೆಯಾ?"